ಕೇಳಿ, ಹೇಳುತ್ತೇವೆ: ಅಸೀಸಿಯ ಗೋಡೆಯ ಮೇಲಿನ ತ್ಯಾಗ

ಪ್ರಶ್ನೆ: ಇಟಲಿಯ ಅಸೀಸಿಯ ಚರ್ಚೊಂದರಲ್ಲಿ ಸಂತ ಫ್ರಾನ್ಸಿಸ್ ಸಿರಿ ತೊರೆಯುವ ಭಿತ್ತಿಚಿತ್ರವಿದೆ. ಅದರಲ್ಲಿ ಹಣ, ಚಿನ್ನ ಯಾವುದೂ ಕಾಣುವುದಿಲ್ಲವಲ್ಲ? (ಓದುಗರು, ದಾವಣಗೆರೆ)

ಉತ್ತರ: ಹಳದಿ ಉಡುಪಿನವನ ತೋಳಿನ ಮೇಲಿರುವ ಬಟ್ಟೆಗಳನ್ನು ನೋಡಿ, ಸಿರಿ ಅಲ್ಲೇ ಇದೆ. ಆತ ತಂದೆ ಪಿಯೆತ್ರೊ ಬೆರ್ನಾರ್ದೊನೆ, ಬಟ್ಟೆ ವ್ಯಾಪಾರಿ. ಮಗ ಅಂಗಡಿಯ ಬಟ್ಟೆ ಮಾರಿ, ಬಂದ ಹಣವನ್ನು ಪಾಳುಬಿದ್ದ ಸಾನ್ ದಾಮಿಯಾನೊ ಚರ್ಚಿನ ದುರಸ್ತಿಗೆ ಕೊಡಲು ಹೊರಟಿದ್ದ. ಸುಮಾರು 1206ರಲ್ಲಿ ವ್ಯಾಜ್ಯ ಬಿಷಪ್ ಗುಯಿದೊ ಅವರ ಮುಂದೆ ಬಂತು. ಫ್ರಾನ್ಸಿಸ್ ಮೈಮೇಲಿದ್ದುದನ್ನೂ ಬಿಚ್ಚಿ ತಂದೆಗೇ ಒಪ್ಪಿಸಿದ. ಚಿತ್ರದಲ್ಲಿ ಸಿಟ್ಟಾದ ತಂದೆಯನ್ನು ಒಬ್ಬ ಕೈಹಿಡಿದು ತಡೆದಿದ್ದಾನೆ; ಬಿಷಪ್ ವಸ್ತ್ರವೊಂದರಿಂದ ಹುಡುಗನ ಸೊಂಟ ಮುಚ್ಚಿದ್ದಾರೆ. ಎರಡು ಗುಂಪುಗಳ ನಡುವೆ ಖಾಲಿ ಜಾಗ, ಮೇಲೆ ದೇವರ ಕೈ. ಆ ಖಾಲಿ ಜಾಗವೇ ಚಿತ್ರದ ಜೀವ. ಫ್ಲಾರೆನ್ಸಿನ ಸಾಂತಾ ಕ್ರೊಚೆ ಚರ್ಚಿನ ಬಾರ್ದಿ ಪೂಜಾಗೃಹದಲ್ಲಿ ಚಿತ್ರಕಾರ ಜೊತ್ತೊ ಇದೇ ಪ್ರಸಂಗವನ್ನು ಬರೆದಾಗ ನಡುವೆ ದೊಡ್ಡ ಕಟ್ಟಡ ಬಂದು ಕೂತಿತು. ಆ ಪೂಜಾಗೃಹದ ಒಡೆಯರಾದ ಬಾರ್ದಿಗಳು ಲೇವಾದೇವಿಯ ಬ್ಯಾಂಕರ್‌ಗಳು ಎಂಬುದು ಬೇರೆ ಮಾತು!

ಪ್ರಶ್ನೆ: ಇಂಥ ಚಿತ್ರಗಳಲ್ಲಿ ಕಾವಿ, ಹಳದಿ ಉಳಿದು ನೀಲಿ ಉದುರುವುದೇಕೆ? ಅಜಂತಾದ್ದೂ ಇದೇ ವಿಧಾನವೇ? (ಚಿತ್ರಕಲಾ ವಿದ್ಯಾರ್ಥಿನಿ, ಹಾಸನ)

ಉತ್ತರ: ನಿಜವಾದ ಫ್ರೆಸ್ಕೊಗೆ, ಅಂದರೆ ಹಸಿ ಗಾರೆಯ ಮೇಲಿನ ಭಿತ್ತಿಚಿತ್ರಕ್ಕೆ, ಅಂಟು ಬೇಡ. ಒರಟು ಗಾರೆಯ ಮೇಲೆ, ಆ ದಿನ ಬರೆದು ಮುಗಿಸುವಷ್ಟೇ ಜಾಗಕ್ಕೆ ನುಣುಪು ಗಾರೆ ಬಳಿದು, ಹಸಿ ಇರುವಾಗಲೇ ನೀರಲ್ಲಿ ಅರೆದ ಬಣ್ಣ ಹಚ್ಚುತ್ತಾರೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತಾ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಗಾರೆ ಬಿಗಿದ ಮೇಲೆ ಹಚ್ಚಿದ ಬಣ್ಣ ಉಜ್ಜಿದರೆ ಪುಡಿಯಾಗಿ ಕೈಗೆ ಬರುತ್ತದೆ. ಅದಕ್ಕೇ ಸಂಜೆ ಉಳಿದ ಗಾರೆಯನ್ನು ಅಂಚು ಓರೆಯಾಗಿ ಕತ್ತರಿಸಿ ತೆಗೆದು, ಮರುದಿನ ಹೊಸದಾಗಿ ಬಳಿಯುವುದು. ಕೆಲಸ ಮೇಲಿನಿಂದ ಕೆಳಕ್ಕೆ ಸಾಗಲಿ. ಇಲ್ಲವಾದರೆ ಮುಗಿದ ಭಾಗದ ಮೇಲೆ ಬಣ್ಣ ಸೋರುತ್ತದೆ.

ಕಾವಿ, ಹಳದಿಯಂಥ ಮಣ್ಣಿನ ಬಣ್ಣಗಳು ಸುಣ್ಣದ ಕ್ಷಾರವನ್ನು ತಾಳುತ್ತವೆ. ಅಜುರೈಟ್ ಎಂಬ ತಾಮ್ರದ ನೀಲಿಯನ್ನು ಮಾತ್ರ ಸಾಮಾನ್ಯವಾಗಿ ಗೋಡೆ ಒಣಗಿದ ಮೇಲೆ ಅಂಟು ಬೆರೆಸಿ ಹಚ್ಚುತ್ತಿದ್ದರು. ತೇವ ತಗುಲಿ ಅಂಟು ಕೆಟ್ಟರೆ ನೀಲಿಯೂ ಹೋಯಿತು. ಬಿಳಿಗೆ ಸುಣ್ಣವನ್ನೇ ಬಳಸಿ. ಅಸೀಸಿಯ ಅದೇ ಚರ್ಚಿನಲ್ಲಿ ಚಿತ್ರಕಾರ ಚಿಮಾಬುವೆ ಬಳಸಿದ ಸೀಸದ ಬಿಳಿ ಕಪ್ಪಾಗಿ, ಚಿತ್ರಗಳು ಫೋಟೊ ನೆಗೆಟಿವ್‌ನಂತೆ ಕಾಣುತ್ತವೆ. ಅಜಂತಾ ಬೇರೆ: ಅಲ್ಲಿ ಮಣ್ಣಿನ ಗಿಲಾವು, ತೆಳು ಸುಣ್ಣ, ಒಣಗಿದ ಮೇಲೆ ಅಂಟು ಬೆರೆತ ಬಣ್ಣ.

ಪ್ರಶ್ನೆ: ಅಸೀಸಿಯ ಚಿತ್ರ ಜೊತ್ತೊನದೇ ತಾನೇ? 1997ರ ಭೂಕಂಪದಲ್ಲಿ ಹಾಳಾಯಿತೇ? (ಓದುಗರು, ಮಂಗಳೂರು)

ಉತ್ತರ: 28 ಚಿತ್ರಗಳ ಸಾಲಿನಲ್ಲಿ ಇದು ಐದನೆಯದು, 13ನೇ ಶತಮಾನದ ಕೊನೆಯ ಕೆಲಸ. ರೂಢಿಯಲ್ಲಿ ಜೊತ್ತೊನ ಹೆಸರಿದೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ. 1997ರ ಸೆಪ್ಟೆಂಬರ್ 26ರಂದು ಕುಸಿದದ್ದು ಛಾವಣಿಯ ಕಮಾನುಗಳು, ನಾಲ್ವರು ಸತ್ತರು. ಕೆಳಗೋಡೆಯಲ್ಲಿರುವ ಈ ಚಿತ್ರ ಉಳಿದುಕೊಂಡಿತು.