ಇಷ್ಟು ಸಾಕ್ಷರತೆ ಇರುವ ಕೇರಳದಲ್ಲಿ, ಕಾಸರಗೋಡಿನ ಜನ ಮಾನಸಿಕ ಕಾಯಿಲೆಯನ್ನು ಈಗಲೂ ಪ್ರೇತಬಾಧೆ ಅಂತಲೇ ನಂಬುತ್ತಾರಾ?

ನಂಬುತ್ತಾರೆ. ಜೊತೆಗೆ ಡಾಕ್ಟರನ್ನೂ ನಂಬುತ್ತಾರೆ. ಬದಿಯಡ್ಕದ ಹತ್ತಿರ ನನ್ನದೊಂದು ಮೆಡಿಕಲ್ ಶಾಪ್ ಇದೆ, ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಮಗ ರಾತ್ರಿಯಿಡೀ ನಿದ್ದೆಯಿಲ್ಲದೆ ಒಬ್ಬನೇ ಮಾತಾಡಲು ಶುರುಮಾಡಿದರೆ ಮೊದಲು ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ನಾಗದೋಷವೋ ಮತ್ತೊಂದೋ ಕಂಡೇ ಕಾಣುತ್ತದೆ. ಹೆಚ್ಚು ತಡವಿಲ್ಲದೆ ಅದೇ ಮನೆಯವರು ಮಂಗಳೂರಿನ ಬಸ್ಸು ಹತ್ತಿ ಮನೋವೈದ್ಯರ ಹತ್ತಿರವೂ ಹೋಗುತ್ತಾರೆ. ಪ್ರಶ್ನೆಯ ವಿಷಯ ಊರಿಗೆಲ್ಲ ಹೇಳುತ್ತಾರೆ, ಡಾಕ್ಟರದ್ದು ಮಾತ್ರ ಗುಟ್ಟು. ಯಾಕೆಂದರೆ ದೋಷಕ್ಕೆ ಪರಿಹಾರ ಆದರೆ ಮುಗಿಯಿತು. ಕಾಯಿಲೆ ಅಂತ ಗೊತ್ತಾದರೆ ತಂಗಿಗೆ ಬಂದ ಸಂಬಂಧವೂ ತಪ್ಪುತ್ತದೆ.

ಹಾಗಾಗಿ ಗುಳಿಗೆಯನ್ನೂ ಮಂಗಳೂರಿನಿಂದಲೇ ತರುತ್ತಾರೆ. 2020ರ ಮಾರ್ಚ್‌ನಲ್ಲಿ ಕರ್ನಾಟಕದವರು ತಲಪಾಡಿಯಲ್ಲಿ ಗಡಿ ಮುಚ್ಚಿದರಲ್ಲ, ಆಗ ಲಿಥಿಯಂ, ಒಲಾಂಜಪೈನ್‌ನಂಥ ಮಾನಸಿಕ ಕಾಯಿಲೆಯ ಔಷಧದ ಚೀಟಿ ಹಿಡಿದು ನನ್ನ ಅಂಗಡಿಗೆ ಬಂದವರಲ್ಲಿ ನಾನು ದಿನಾ ನೋಡುವ ಮುಖಗಳೇ ಇದ್ದವು. ಆಶ್ಚರ್ಯ ಪಡಬೇಕಾದ್ದೇನೂ ಇಲ್ಲ ಬಿಡಿ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕೇರಳವೂ ಒಂದು. ಅದರ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಏನಾದರೊಂದು ಮಾನಸಿಕ ತೊಂದರೆ ಇದೆ.

ತಿಳುವಳಿಕೆ ನಿಜವಾಗಿ ಕಮ್ಮಿ ಇರುವುದು ಔಷಧದ ವಿಷಯದಲ್ಲಿ. ಖಿನ್ನತೆಯ ಗುಳಿಗೆ ಹಿಡಿಯಲು ಎರಡರಿಂದ ನಾಲ್ಕು ವಾರವಾದರೂ ಬೇಕು. ನಾಲ್ಕು ದಿನ ನುಂಗಿ "ಪ್ರಯೋಜನ ಇಲ್ಲ ಮಾರಾಯ್ರೆ" ಅನ್ನುತ್ತಾರೆ. ಗುಣ ಕಂಡವರು "ಅಭ್ಯಾಸ ಆಗಿಬಿಡುತ್ತದೆ" ಅಂತ ಹೆದರಿ ತಾವೇ ನಿಲ್ಲಿಸುತ್ತಾರೆ, ಕಾಯಿಲೆ ಮರುಕಳಿಸುತ್ತದೆ. ಅಭ್ಯಾಸ ಹಿಡಿಸುವುದು ಆತಂಕಕ್ಕೆ ಕೊಡುವ ಆಲ್‌ಪ್ರಾಜೊಲಾಮ್ ಜಾತಿಯ ಗುಳಿಗೆಗಳು. ತಮಾಷೆ ನೋಡಿ, ಅದನ್ನು ಚೀಟಿ ಇಲ್ಲದೆ ಕೇಳಲು ಯಾರಿಗೂ ನಾಚಿಕೆ ಇಲ್ಲ.

ಮಂಗಳೂರಿಗೆ ಹೋಗುವುದಕ್ಕೆ ಇನ್ನೊಂದು ಕಾರಣವಿದೆ, ಅದು ನ್ಯಾಯವಾದದ್ದೇ. ಹೊಟ್ಟೆನೋವನ್ನು ಕೈಯಲ್ಲಿ ಮುಟ್ಟಿ ತೋರಿಸಬಹುದು. ಕಿವಿಯಲ್ಲಿ ಯಾರೋ ಬೈಯುತ್ತಾರೆ ಅನ್ನುವುದನ್ನು ಅರೆಬರೆ ಮಲಯಾಳದಲ್ಲಿ ಹೇಳುವುದು ಹೇಗೆ? ಕನ್ನಡ, ತುಳು ಮಾತ್ರ ಬರುವ ಹಿರಿಯರಿಗಂತೂ ಆಗುವ ಮಾತಲ್ಲ. ಅಂಥವರಿಗೆ ನಾನು 14416 ನಂಬರು ಬರೆದು ಕೊಡುತ್ತೇನೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ಪುಕ್ಕಟೆ, ರಾತ್ರಿಯೂ ಇರುತ್ತದೆ, ಭಾಷೆ ಕೇಳಿದಾಗ ಕನ್ನಡ ಆರಿಸಬಹುದು.

ಇನ್ನು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಊರ ಸರ್ಕಾರಿ ಆಸ್ಪತ್ರೆಗಳಿಗೇ ಬಂದು ನೋಡಿ, ಹಣವಿಲ್ಲದೆ ಔಷಧ ಕೊಡುತ್ತದೆ. ಆದರೆ ಆ ಸಾಲಿನಲ್ಲಿ ಪಕ್ಕದ ಮನೆಯವರು ಕಂಡುಬಿಟ್ಟರೆ? ಬಸ್ ಚಾರ್ಜು ಹೋದರೆ ಹೋಗಲಿ, ಮಂಗಳೂರೇ ವಾಸಿ ಅನ್ನುವ ಗಿರಾಕಿಗಳೇ ನನಗೆ ಈಗಲೂ ಜಾಸ್ತಿ.