ಸಂರಕ್ಷಿತ ಪ್ರಾಗೈತಿಹಾಸಿಕ ನೆಲೆ ನಮ್ಮ ಹೊಲದಲ್ಲಿದ್ದರೆ ಉಳುಮೆ ಮಾಡಬಹುದೇ? (ಬಾಗಲಕೋಟೆ ಜಿಲ್ಲೆ)

ಮಾಡಬಹುದು, ಆದರೆ ಆಳಕ್ಕೆ ಮಿತಿ ಇದೆ. ಕೇಂದ್ರದ ರಕ್ಷಣೆಯ ಜಾಗವಾದರೆ 1958ರ ಪುರಾತತ್ವ ಕಾಯ್ದೆಯ 19ನೇ ಕಲಮಿನಂತೆ ಮೇಲ್ಮಣ್ಣನ್ನು 1 ಅಡಿಗಿಂತ ಆಳಕ್ಕೆ ಅಗೆಯದ ಸಾಗುವಳಿಗೆ ಅಡ್ಡಿಯಿಲ್ಲ. ಕುಂಟೆ, ಕೂರಿಗೆ ನಡೆಯುತ್ತವೆ. ಎಡವಟ್ಟಾಗುವುದು ಕಬ್ಬಿಗೆಂದು ಟ್ರ್ಯಾಕ್ಟರ್‌ನಿಂದ ಪಲ್ಟಿ (ಮಣ್ಣು ಮಗುಚುವ ನೇಗಿಲು) ಹೊಡೆಸಿದಾಗ: ಎರಡನೇ ಸಲ ಹೊಡೆದರೆ ನೇಗಿಲು ಸುಲಭವಾಗಿ ಅಡಿ ದಾಟುತ್ತದೆ. ಕೃಷಿಹೊಂಡ, ಬೋರ್‌ವೆಲ್, ಮಣ್ಣು ಸಾಗಣೆಗೆ ಅನುಮತಿ ಬೇಕೇ ಬೇಕು.

ಆಳ ಯಾಕೆ ಮುಖ್ಯ? ನವಶಿಲಾಯುಗದವರು ದನದ ದೊಡ್ಡಿಗೆ ನೆಟ್ಟ ಮರದ ಗೂಟಗಳು ಕೊಳೆತು ಹೋಗಿವೆ. ಉಳಿದಿರುವುದು ಮಣ್ಣಿನಲ್ಲಿ ಅಂಗೈಯಗಲದ ಬೇರೆ ಬಣ್ಣದ ದುಂಡು ಗುರುತು ಮಾತ್ರ. ತೆಲಂಗಾಣದ ಉತನೂರಿನ ಬೂದಿದಿಬ್ಬದಲ್ಲಿ (ಆ ಕಾಲದವರು ಸುಟ್ಟ ಸಗಣಿಯ ಬೂದಿಗುಡ್ಡೆ) ದೊಡ್ಡಿಯ ಬೇಲಿ ಪತ್ತೆಯಾದದ್ದು ಇಂಥ ಗೂಟದ ಕುಳಿಗಳಿಂದಲೇ. ಪದರ ಒಮ್ಮೆ ಕಲಸಿದರೆ ಯಾವ ತಜ್ಞರೂ ಅದನ್ನು ಮತ್ತೆ ಓದಲಾರರು.

ಮನೆ, ಶೆಡ್ ಕಟ್ಟುವವರು ಅಳತೆಯಲ್ಲಿ ತಪ್ಪುತ್ತಾರೆ. 100 ಮೀಟರ್ ನಿಷೇಧಿತ ವಲಯವನ್ನು ಕಣ್ಣಿಗೆ ಕಾಣುವ ಕಲ್ಲಿನಿಂದಲ್ಲ, ಜಾಗವನ್ನು ಸಂರಕ್ಷಿತವೆಂದು ಸಾರಿದ ಸರ್ಕಾರಿ ಅಧಿಸೂಚನೆಯಲ್ಲಿರುವ ಗಡಿಯಿಂದ ಅಳೆಯಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ, ಅಲ್ಲಿ ಮುಂಚಿತ ಅನುಮತಿ ಬೇಕು. ನಿಷೇಧಿತ ವಲಯದಲ್ಲಿ ಕಟ್ಟಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮೊದಲು ಉತಾರದ (ಪಹಣಿ) ಸರ್ವೆ ನಂಬರನ್ನು ಅಧಿಸೂಚನೆಯೊಂದಿಗೆ ತಾಳೆ ನೋಡಿ. ಪುರಾತತ್ವ ಸರ್ವೇಕ್ಷಣದ ಧಾರವಾಡ ವೃತ್ತ ಕಚೇರಿಯಲ್ಲಿ ವಿಚಾರಿಸಿ. ರಾಜ್ಯದ ರಕ್ಷಣೆಯಲ್ಲಿದ್ದರೆ 1961ರ ಕರ್ನಾಟಕ ಕಾಯ್ದೆ ಅನ್ವಯಿಸುತ್ತದೆ. ನಯಗೊಳಿಸಿದ ಕಲ್ಲಿನ ಕೊಡಲಿ ಸಿಕ್ಕರೆ ದಯವಿಟ್ಟು ಒಡ್ಡಿಗೆ ಎಸೆಯಬೇಡಿ. ಇದ್ದಲ್ಲೇ ಬಿಟ್ಟು, ಫೋಟೊ ತೆಗೆದು ಇಲಾಖೆಗೆ ತಿಳಿಸಿ.