ಸಾಲಿನ ಮುಂದೆ ನಿಂತ ನಕಾಶೆ

ಪುಟ ಕಟ್ಟುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೊಳವೆಬಾವಿಗಳ ನೀರಿನ ಮಟ್ಟದ ಬಗ್ಗೆ ಪಿಎಚ್‌.ಡಿ. ಪ್ರಬಂಧ ಬರೆಯುತ್ತಿದ್ದೇನೆ, ಆಜ್ಞೆ ಬರೆದು ಪುಟ ಕಟ್ಟುವ ಲೇಟೆಕ್ ತಂತ್ರಾಂಶದಲ್ಲಿ. ಮೂರನೇ ಅಧ್ಯಾಯದಲ್ಲಿ 9 ಚಿತ್ರಗಳಿವೆ. ಪ್ರತಿಯೊಂದಕ್ಕೂ 'ಇಲ್ಲೇ ಇರಲಿ' ಎಂದು ಚೌಕ ಆವರಣದಲ್ಲಿ ಎಚ್ ಅಕ್ಷರ ಕೊಟ್ಟಿದ್ದೇನೆ. ಆದರೂ ಒಂಬತ್ತೂ ಅಧ್ಯಾಯದ ಕೊನೆಗೆ ಹೋಗಿ ಗುಂಪಾಗಿ ಕೂತಿವೆ. ಕೋಷ್ಟಕಗಳು ಮಾತ್ರ ತಮ್ಮ ಜಾಗದಲ್ಲೇ ಇವೆ! ಗೈಡ್ ಬೈಯುತ್ತಿದ್ದಾರೆ. ಫೈಲ್ ಜೊತೆಗಿಟ್ಟಿದ್ದೇನೆ. — ಸಂಶೋಧನಾ ವಿದ್ಯಾರ್ಥಿನಿ, ಕೋಲಾರ

ಉತ್ತರ: ಫೈಲ್ ಕಳಿಸಿದ್ದು ಒಳ್ಳೇದಾಯಿತು ತಂಗಿ. ತಪ್ಪು ಒಂಬತ್ತು ಚಿತ್ರಗಳದ್ದಲ್ಲ, ಮೊದಲನೆಯದರದ್ದು. ಅದು ನಿಮ್ಮ ತಾಲ್ಲೂಕಿನ ನಕಾಶೆ. ನಿಮ್ಮ ಪುಟದಲ್ಲಿ ಅಕ್ಷರ ಕೂರುವ ಜಾಗದ ಎತ್ತರ 24 ಸೆಂ.ಮೀ. ನಕಾಶೆ, ಅದರ ಅಡಿಬರಹ ಸೇರಿ 21 ಸೆಂ.ಮೀ. ಎಲ್ಲ ತೊಂದರೆಯೂ ಇಲ್ಲೇ ಇದೆ.

ಲೇಟೆಕ್ ಚಿತ್ರವನ್ನು ಪುಟದಲ್ಲಿ ಇಡುವ ಮೊದಲು ಒಂದಿಷ್ಟು ಲೆಕ್ಕ ಹಾಕುತ್ತದೆ. ನೀವೇನೂ ಬದಲಿಸದಿದ್ದರೆ ಆ ಲೆಕ್ಕ ಹೀಗೆ: ಪುಟದ ತಲೆಯಲ್ಲಿ ಚಿತ್ರಗಳು 70 ಶೇಕಡಾ ಮೀರಬಾರದು, ಬುಡದಲ್ಲಿ 30 ಶೇಕಡಾ ಮೀರಬಾರದು, ಅಕ್ಷರ ಇರುವ ಪುಟದಲ್ಲಿ ಕನಿಷ್ಠ 20 ಶೇಕಡಾ ಅಕ್ಷರವೇ ಇರಬೇಕು. ನಿಮ್ಮ 24ರಲ್ಲಿ 70 ಶೇಕಡಾ ಅಂದರೆ 16.8 ಸೆಂ.ಮೀ. 21 ಎಲ್ಲಿ ಹಿಡಿಯಬೇಕು? ಬರೆದ ಜಾಗದಲ್ಲೂ ಹಿಡಿಯುವುದಿಲ್ಲ, ತಲೆಯಲ್ಲೂ ಹಿಡಿಯುವುದಿಲ್ಲ. ಬರೀ ಚಿತ್ರಕ್ಕೆಂದೇ ಒಂದು ಪುಟ ಕೊಡಬಹುದಿತ್ತು. ಆದರೆ ಅದಕ್ಕೆ ಪಿ ಅಕ್ಷರದ ಅನುಮತಿ ಬೇಕು. ನೀವು ಎಚ್ ಮಾತ್ರ ಕೊಟ್ಟಿದ್ದೀರಿ. ಒಂಟಿ ಎಚ್ ಸಾಗದಿದ್ದಾಗ ಲೇಟೆಕ್ ತಾನಾಗಿ ಟಿ (ಪುಟದ ತಲೆ) ಸೇರಿಸಿಕೊಂಡು ಎಚ್ಚರಿಕೆಯ ಒಂದು ಸಾಲು ಬರೆಯುತ್ತದೆ, ಪಿ ಸೇರಿಸುವುದಿಲ್ಲ. ಲೇಟೆಕ್ ತನ್ನ ಕೆಲಸದ ವರದಿ ಬರೆದಿಡುವ ಲಾಗ್ ಫೈಲ್ ತೆರೆದು ನೋಡಿ, ಆ ಸಾಲು ಅಲ್ಲಿದೆ. ಯಾರೂ ಓದಲ್ಲ ಬಿಡಿ, ನಾನೂ ಬಹಳ ದಿನ ಓದುತ್ತಿರಲಿಲ್ಲ.

ಇನ್ನು ಉಳಿದ ಎಂಟು ಯಾಕೆ ಹೋದವು? ಚಿತ್ರ 2 ಯಾವತ್ತೂ ಚಿತ್ರ 1ರ ಮುಂದೆ ಬರಬಾರದು, ಅದು ಲೇಟೆಕ್‌ನ ಹಟ. ರೇಷನ್ ಅಂಗಡಿ ಸಾಲಿನಲ್ಲಿ ಮುಂದಿನವರ ಕಾರ್ಡ್ ತಕರಾರಾದರೆ ಹಿಂದಿದ್ದವರೆಲ್ಲ ಬಿಸಿಲಲ್ಲಿ ನಿಲ್ಲುತ್ತಾರಲ್ವಾ, ಹಾಗೆ. ಹೊಸ ಅಧ್ಯಾಯ ಶುರುವಾಗುವಾಗ ಬಾಕಿ ಇದ್ದದ್ದನ್ನೆಲ್ಲ ಒಮ್ಮೆಲೇ ಸುರಿದುಬಿಡುತ್ತದೆ. ಕೋಷ್ಟಕಗಳ ಸಾಲು ಬೇರೆ, ಅದಕ್ಕೇ ಅವು ಬಚಾವಾದವು.

ಮಾಡಬೇಕಾದ್ದು ಸ್ವಲ್ಪವೇ. ನಕಾಶೆಗೆ ಪಿ ಕೊಡಿ, ಇಲ್ಲವೇ 16 ಸೆಂ.ಮೀ.ಗೆ ಇಳಿಸಿ. ಹಳ್ಳಿಗಳ ಹೆಸರು ಓದಲು ಬರಬೇಕು ಅಂದರೆ ಪಿ ವಾಸಿ. ಉಳಿದವಕ್ಕೆ ಎಚ್, ಟಿ, ಬಿ (ಪುಟದ ಬುಡ), ಪಿ ನಾಲ್ಕನ್ನೂ ಕೊಡಿ. ಅಕ್ಷರಗಳನ್ನು ಯಾವ ಕ್ರಮದಲ್ಲಿ ಬರೆದರೂ ಒಂದೇ. ಒಂದು ವಿಭಾಗದ ಚಿತ್ರ ಮುಂದಿನ ವಿಭಾಗಕ್ಕೆ ದಾಟಬಾರದು ಎಂದಿದ್ದರೆ ಪ್ಲೇಸ್‌ಇನ್ಸ್ ಪ್ಯಾಕೇಜ್ (ಲೇಟೆಕ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸಾಮಾನು) ಹಾಕಿ, ವಿಭಾಗದ ಕೊನೆಯಲ್ಲಿ ಫ್ಲೋಟ್‌ಬ್ಯಾರಿಯರ್ ಆಜ್ಞೆ ಬರೆಯಿರಿ. ಬೇಲಿ ಹಾಕಿದ ಹಾಗೆ.

ಫ್ಲೋಟ್ ಎಂಬ ಪ್ಯಾಕೇಜಿನ ದೊಡ್ಡ (ಕ್ಯಾಪಿಟಲ್) ಎಚ್ ಬಗ್ಗೆ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಚಿತ್ರವನ್ನು ಅಲ್ಲೇ ಮೊಳೆ ಹೊಡೆದು ಕೂರಿಸುತ್ತದೆ, ನಿಜ. ಜಾಗ ಸಾಲದಿದ್ದರೆ ಅರ್ಧ ಪುಟ ಖಾಲಿ ಬಿಟ್ಟು ಮುಂದಿನ ಪುಟಕ್ಕೆ ಹಾರುತ್ತದೆ. ನನಗಂತೂ ಆ ಬೋಳು ಪುಟ ನೋಡಿದರೆ ಆಗಲ್ಲ. ಸಾಲಿನಲ್ಲಿ ನಿಂತಿರುವ ಹಿಂದಿನ ಚಿತ್ರವನ್ನು ದಾಟಿಕೊಂಡೂ ಹೋಗಬಹುದು, ಆಗ 4 ಮೊದಲು, 3 ಆಮೇಲೆ.

ಇನ್ನೊಂದು. ನಿಮ್ಮ ಬರಹದಲ್ಲಿ 'ಕೆಳಗಿನ ಚಿತ್ರದಲ್ಲಿ' ಎಂದು ಏಳು ಕಡೆ ಇದೆ. ತೆಗೆದುಹಾಕಿ. ಇದನ್ನು ನಾನು ಕಲಿತದ್ದು ಕಂಪ್ಯೂಟರಿನಿಂದಲ್ಲ. ಅಚ್ಚುಮೊಳೆ ಜೋಡಿಸುವ ಪ್ರೆಸ್ಸಿನಲ್ಲಿದ್ದಾಗ ರೈತರಿಗಾಗಿ ಒಂದು ಪುಸ್ತಿಕೆ ಮಾಡಿದ್ದೆವು. ಹುಳದ ಬ್ಲಾಕ್ (ಚಿತ್ರದ ಅಚ್ಚು) ಆ ಪುಟದಲ್ಲಿ ಹಿಡಿಯಲಿಲ್ಲ. ನಾನು ಮುಂದಿನ ಪುಟಕ್ಕೆ ತಳ್ಳಿ, ಖಾಲಿ ಜಾಗಕ್ಕೆ ಕೈಗೆ ಸಿಕ್ಕ ಚಿಕ್ಕ ಬ್ಲಾಕ್ ಇಟ್ಟೆ. ಮೇಲಿನ ಸಾಲು ಹಾಗೇ ಉಳಿಯಿತು: 'ಬೆಳೆಯನ್ನು ಬುಡದಿಂದ ತಿನ್ನುವ ಕೀಟವನ್ನು ಕೆಳಗಿನ ಚಿತ್ರದಲ್ಲಿ ನೋಡಬಹುದು.' ಕೆಳಗೆ ಇದ್ದದ್ದು ಸಂಘದ ಅಧ್ಯಕ್ಷರ ಫೋಟೋ. ಐನೂರು ಪ್ರತಿ ಅಚ್ಚಾಗಿತ್ತು. ಅವತ್ತಿನಿಂದ ನನ್ನ ಕೈಯಲ್ಲಿ 'ಚಿತ್ರ 3 ನೋಡಿ' ಎಂದೇ ಬರುತ್ತದೆ. ಲೇಟೆಕ್‌ನಲ್ಲಾದರೆ ರೆಫ್ ಆಜ್ಞೆ ಬಳಸಿ, ಸಂಖ್ಯೆ ಅದೇ ಹಾಕಿಕೊಳ್ಳುತ್ತದೆ. ಚಿತ್ರಕ್ಕೆ ಗುರುತು ಕೊಡುವ ಲೇಬಲ್ ಆಜ್ಞೆ ಮಾತ್ರ ಅಡಿಬರಹದ ಕ್ಯಾಪ್ಷನ್ ಆಜ್ಞೆ ಆದ ಮೇಲೆ ಇರಬೇಕು. ಮೊದಲೇ ಬರೆದರೆ ಚಿತ್ರದ ಸಂಖ್ಯೆ ಬದಲು ವಿಭಾಗದ ಸಂಖ್ಯೆ ಬಂದು ಕೂರುತ್ತದೆ. ನಿಮ್ಮಲ್ಲಿ ಎರಡು ಕಡೆ ಹಾಗಾಗಿದೆ.

ಇದೆಲ್ಲ ಬರವಣಿಗೆ ಪೂರ್ತಿ ಮುಗಿದ ಮೇಲೆ ಮಾಡಿ. ಈಗ ಸರಿಮಾಡಿದ ಪುಟ, ಗೈಡ್ ಎರಡು ಪ್ಯಾರಾ ಸೇರಿಸು ಅಂದ ಕೂಡಲೇ ಮತ್ತೆ ಕದಲುತ್ತದೆ. ಸುಮ್ನೆ ಶ್ರಮ.

ಪ್ರಶ್ನೆ: ನಾನು ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ವರ್ಡ್‌ನಲ್ಲಿ ನೋಟ್ಸ್ ಮಾಡುತ್ತೇನೆ. ಒಂದು ಎಂಟರ್ ಒತ್ತಿದರೆ ಚಿತ್ರ ಎಲ್ಲಿಗೋ ಹಾರುತ್ತದೆ. — ಒಬ್ಬ ಶಿಕ್ಷಕರು, ಶಿರಸಿ

ಉತ್ತರ: ಮೇಷ್ಟ್ರೇ, ಚಿತ್ರದ ಮೇಲೆ ಒತ್ತಿ, ಲೇಔಟ್ ಆಪ್ಷನ್ಸ್‌ನಲ್ಲಿ 'ಇನ್ ಲೈನ್ ವಿತ್ ಟೆಕ್ಸ್ಟ್' ಆರಿಸಿ. ಆಗ ಚಿತ್ರ ಒಂದು ದೊಡ್ಡ ಅಕ್ಷರದ ಹಾಗೆ ಸಾಲಿನಲ್ಲೇ ಕೂರುತ್ತದೆ. ಚಿತ್ರ ಇರುವ ಪ್ಯಾರಾಕ್ಕೆ 'ಕೀಪ್ ವಿತ್ ನೆಕ್ಸ್ಟ್' ಗುರುತು ಹಾಕಿ, ಕೆಳಗಿನ ಅಡಿಬರಹ ಇನ್ನೊಂದು ಪುಟಕ್ಕೆ ಹೋಗದು. ಇಷ್ಟು ಮಾಡಿದ ಮೇಲೆ ಚಿತ್ರದ ಒಂದು ಪಟ್ಟಿ ಮಾತ್ರ ಕಾಣಿಸಿದರೆ ಗಾಬರಿ ಬೇಡ. ಆ ಪ್ಯಾರಾದ ಸಾಲಿನ ಅಂತರ 'ಎಕ್ಸಾಕ್ಟ್‌ಲಿ' ಎಂದಿರುತ್ತದೆ, 'ಸಿಂಗಲ್' ಮಾಡಿ.

ಪ್ರಶ್ನೆ: ಎರಡು ಕಾಲಂನ ಲೇಟೆಕ್ ಲೇಖನದಲ್ಲಿ ಎರಡೂ ಕಾಲಂ ತುಂಬುವ ಚಿತ್ರ ಯಾವಾಗಲೂ ಮುಂದಿನ ಪುಟಕ್ಕೇ ಹೋಗುತ್ತದೆ. ಎಚ್ ಕೊಟ್ಟರೂ ಕೇಳುವುದಿಲ್ಲ. — ಒಬ್ಬ ಓದುಗರು, ಮಂಗಳೂರು

ಉತ್ತರ: ಕೇಳುವುದೇ ಇಲ್ಲ, ಅದರ ಸ್ವಭಾವವೇ ಹಾಗೆ. ಅಂಥ ಚಿತ್ರ ಬರೆದ ಪುಟದಲ್ಲಿ ಕೂರುವುದಿಲ್ಲ. ಬೇಗ ಅಂದರೆ ಮುಂದಿನ ಪುಟದ ತಲೆ. ಆದ್ದರಿಂದ ಚಿತ್ರ ನಿಮಗೆ 4ನೇ ಪುಟದಲ್ಲಿ ಬೇಕಿದ್ದರೆ, ಅದರ ಕೋಡ್ ಅನ್ನು 3ನೇ ಪುಟದ ಬರಹದ ನಡುವೆ ಅಂಟಿಸಿ.